ಅರ್ಧ ಪಗಾರ

ತಿಕೋಟಾದ ನಮ್ಮ ತೋಟದಲ್ಲಿ ಅಕ್ಟೋಬರ್ ಚಾಟ್ನಿ.
ಕತ್ತರಿ ಹಿಡಿದು ನಾನೂ ಸಾಲಿಗೆ ನಿಂತೆ.
ಹದಿನಾಲ್ಕು ಹೆಂಗಸರು ಒಮ್ಮೆಲೇ ಸುಮ್ಮನಾದರು,
ಆಮೇಲೆ ನಕ್ಕರು.
"ಮಾಲಕರ ಮಗಳು ಫೋಟೋಕ್ಕ ಬಂದಾಳ, ತಡೀರಿ,
ಸೆರಗು ಸರಿ ಮಾಡ್ಕೋರಿ."

ಫೋಟೋಕ್ಕಲ್ಲ ಅಂದೆ.
ಅಂಗೈ ತೋರಿಸಿದೆ: ಹೆಬ್ಬೆರಳ ಬುಡದಲ್ಲಿ ಒಂದು ಗಂಟು,
ಇನ್ನೂ ಹಳದಿ, ನನ್ನದೊಂದು ಸರ್ಟಿಫಿಕೇಟಿನ ಹಾಗೆ.
ಶಾವಂತ್ರೆವ್ವ ಕೈ ತಿರುವಿ ನೋಡಿದಳು,
ಸಂತೆಯಲ್ಲಿ ಬದನೆಕಾಯಿ ನೋಡಿದಂತೆ.
"ಎಲ್ಲಿ ಮಾಡಿಸ್ಕೊಂಡಿ ಇದನ್ನ?"

ಹೇಳಿದೆ.
ಗ್ರೀಸ್ ಅಂತ ದೇಶ, ಕ್ರೀಟ್ ಅಂತ ನಡುಗಡ್ಡೆ.
ಅಲ್ಲೂ ಗುಡ್ಡ ನಮ್ಮ ಹಾಗೇ ಬೋಳು, ಅಲ್ಲೂ ದ್ರಾಕ್ಷಿ,
ಅಲ್ಲೂ ಎಣ್ಣೆ-ಪೊಟ್ಯಾಶ್ ನೀರಲ್ಲಿ ಗೊನೆ ಅದ್ದಿ
ಬಿಸಿಲಿಗೆ ಹರವಿ ಮಣೂಕ ಮಾಡುತ್ತಾರೆ.
ತೋಟದೊಡತಿ ಕಲಿಯೋಪಿ.
ಬೆಳಿಗ್ಗೆ ಆರರಿಂದ ಹನ್ನೊಂದು, ಐದೇ ತಾಸು,
ಊಟ, ಹಾಸಿಗೆ, ಕೈಗೆ ತೊಗಲಿನ ಗ್ಲೌಸು.
ಕಾಲೇಜು ರಜೆಯಲ್ಲಿ ಆರು ವಾರ.
ಸ್ವಯಂಸೇವೆ ಎಂಬ ಪದ ಬಾಯಿತನಕ ಬಂತು,
ಕತ್ತರಿಗಳ ಸದ್ದು ಕೇಳಿ ವಾಪಸ್ ಹೋಯಿತು.

"ಪಗಾರ?"
ಇಲ್ಲ.
"ಇಲ್ಲ ಅಂದ್ರ?"
ಹಾಗೇ. ಕಲಿಯೋದಕ್ಕೆ.
"ಹೋಗಾಕ, ಬರಾಕ?"
ಒಂದು ಎಂಬತ್ತು.
"ಸಾವಿರಾ?"
ಲಕ್ಷ. ಒಂದು ಲಕ್ಷದ ಎಂಬತ್ತು ಸಾವಿರ.

ಶಾವಂತ್ರೆವ್ವ ಬೆರಳ ಗೆಣ್ಣು ಮುಟ್ಟಿ ಎಣಿಸಿದಳು,
ಸಾಲಿ ಮೆಟ್ಟಿಲು ಹತ್ತಿದವಳಲ್ಲ:
"ದಿನಕ್ಕ ಮುನ್ನೂರರಂಗ ಆರನೂರು ದಿನ.
ಎರಡು ವರ್ಷ ನಾ ದುಡದಿದ್ದಷ್ಟು ರೊಕ್ಕ ಕೊಟ್ಟು
ಪುಕ್ಕಟ ದುಡದು ಬಂದಿಯಲ್ಲ ತಂಗಿ!
ನಮ್ಮನ್ನ ಕೇಳಿದ್ರ
ಇಲ್ಲೇ ಪುಕ್ಕಟ ದುಡಸ್ತಿದ್ವಿ."
ನಗು ಸಾಲಿನ ತುದಿಯವರೆಗೆ ಹೋಯಿತು, ತಿರುಗಿ ಬಂತು.

ನಾನೂ ನಕ್ಕೆ. ಅಷ್ಟು ನನಗೆ ಬರುತ್ತದೆ.
ಹೇಳದೆ ಉಳಿಸಿಕೊಂಡದ್ದು ಇದು:
ಕಲಿಯೋಪಿಯ ಮೇಜಿಗೆ ನಾವು ಏಳು ಜನ,
ನಡುವೆ ಒಂದೇ ಬಟ್ಟಲು, ಒಂದೇ ಎಣ್ಣೆ,
ಎಲ್ಲರ ಬ್ರೆಡ್ಡೂ ಅದರಲ್ಲೇ.
ನಾಲ್ಕನೇ ದಿನ ಅವಳು ನನ್ನ ಅವ್ವನ ಹೆಸರು ಕೇಳಿದಳು,
ಮೂರು ಸಲ ಹೇಳಿ ಹೇಳಿ ಸರಿ ಮಾಡಿಕೊಂಡಳು.
ಇಲ್ಲಿ, ನನಗೆ ತಿಳಿವು ಬಂದಾಗಿನಿಂದ,
ಇವರ ಬುತ್ತಿ ಬಿಚ್ಚುವುದು ಬೇವಿನ ಬುಡದಲ್ಲಿ.
ನಮ್ಮ ಬಾಗಿಲು ಅಲ್ಲಿಂದ ನೂರು ಹೆಜ್ಜೆ.
ನೀರು, ಪೈಪಿನದು.
ನಿನ್ನ ಊರು ಯಾವುದು ಅಂತ ಇವತ್ತು ಕೇಳಿದೆ.
"ಲೋಹಗಾಂವ. ನಿಮ್ಮಪ್ಪಗ ಗೊತ್ತೈತಿ,
ಟೆಂಪೊ ಕಳಸ್ತಾನಲ್ಲ."

ನಿನ್ನೆ ಕತ್ತರಿಸಿದ ಸಾಲಿನಲ್ಲಿ ನಾಲ್ವರು
ಕಣ್ಣು ಕಣ್ಣಿಗೂ ಕೆಂಪು ಔಷಧ ಹಚ್ಚುತ್ತಿದ್ದರು,
ಕೈಗೆ ಹಾಲಿನ ಖಾಲಿ ಪ್ಯಾಕೆಟ್ಟು, ಮುಂಗೈಗೆ ಸುತ್ತಿದ ದಾರ.
ನನ್ನ ತೊಗಲಿನ ಗ್ಲೌಸು ಬ್ಯಾಗಿನಲ್ಲೇ ಉಳಿಯಿತು.
ಒಂದು ಜೋಡಿ. ಇಪ್ಪತ್ತೆಂಟು ಕೈ.

ಮೂರು ಗಂಟೆಗೆ ಅವಳು ನನ್ನ ಬಳ್ಳಿಯ ಮುಂದೆ ನಿಂತಳು.
"ಮೂರನೇ ಕಣ್ಣಿಗೆ ಯಾಕ ಕೊಯ್ದಿ?
ಈ ತಳಿಗೆ ಏಳನೇ ಕಣ್ಣಿನಾಗ ಗೊನಿ ಇರತೈತಿ.
ನೀ ಕೊಯ್ದದ್ದು ಕಡ್ಡಿ ಅಲ್ಲ,
ಮಾರ್ಚಿನ ದ್ರಾಕ್ಷಿ."
ಕಾಲ ಬಳಿ ಬಿದ್ದ ತುಂಡನ್ನು ಎತ್ತಿಕೊಂಡೆ.
ನಾಲ್ಕು, ಐದು, ಆರು, ಏಳು.
ಅಲ್ಲಿ ನಾನು ಬರೀ ಹಣ್ಣು ಕಿತ್ತಿದ್ದೆ.

ಸಂಜೆ ಅಪ್ಪ ಹಾಜರಿ ಪುಸ್ತಕ ತೆಗೆದ.
"ಹದಿನಾಲ್ಕು" ಅಂದ.
"ಹದಿನೈದು" ಅಂದಳು ಶಾವಂತ್ರೆವ್ವ.
ಅಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ,
ಪೆನ್ನಿನ ಟೊಪ್ಪಿಗೆ ಹಲ್ಲಿನಲ್ಲೇ ಇತ್ತು.
"ಇಕಿದೂ ಬರೀರಿ ಸಾವ್ಕಾರ್ರ. ಅರ್ಧ ಪಗಾರ.
ಹತ್ತು ಕಡ್ಡಿ ಕೆಡಿಸ್ಯಾಳ."

ನೂರೈವತ್ತು. ಬೆವರಿಗೆ ನೋಟು ಅಂಗೈಗೆ ಅಂಟಿತು,
ಗಂಟಿನ ಮೇಲೆಯೇ.

ಟೆಂಪೊ ಹತ್ತುತ್ತ ಕೂಗಿದಳು:
"ನಾಳೆ ಬುತ್ತಿ ಕಟಗೊಂಡ ಬಾ,
ನಮ್ಮದ್ರಾಗ ಪಾಲಿಲ್ಲ!"

ಧೂಳೆದ್ದು, ಟೆಂಪೊ ತಿರುವಿಗೆ ಹೋದ ಮೇಲೆ,
ಮತ್ತೆ ಅದೇ ದನಿ:
"ಹಿಂಡಿ ನಾ ತರತೀನಿ."